ಬೆರಳಿನಿಂದ ಭುಜದವರೆಗೆ: ಕೈಕೀಲುಗಳ ಎಕ್ಸ್‌ರೇ, ಸ್ಕ್ಯಾನಿಂಗ್ ಮಾಡಿಸುವವರಿಗೆ ಸಮಗ್ರ ಮಾರ್ಗದರ್ಶಿ

ಕೈ ಊರಿ ಬಿದ್ದವರಲ್ಲಿ ನಮ್ಮ ಭಾಗದ ಕೆಲವರು ‘ಎಲುಬು ಮುರಿದಿರಲಿಕ್ಕಿಲ್ಲ, ಬರೀ ಉಳುಕಿರಬೇಕು’ ಎಂದು ಎಣ್ಣೆ ತಿಕ್ಕಿಸಿ, ಬಿದಿರಿನ ದಬ್ಬೆ ಕಟ್ಟಿಸಿಕೊಂಡು ಮನೆಯಲ್ಲಿ ಕೂರುತ್ತಾರೆ. ಇನ್ನು ಕೆಲವರು ತಾಲ್ಲೂಕು ಆಸ್ಪತ್ರೆಯನ್ನು ದಾಟಿ ನೇರವಾಗಿ ಬೆಳಗಾವಿಗೋ ವಿಜಯಪುರಕ್ಕೋ ಬಂದು ‘ಎಂಆರ್‌ಐ ಬರೆದುಕೊಡಿ, ಎಲ್ಲಾ ಗೊತ್ತಾಗಲಿ’ ಎಂದು ಪಟ್ಟು ಹಿಡಿಯುತ್ತಾರೆ. ಮೊದಲನೆಯವರು ಸಮಯ ಕಳೆದುಕೊಳ್ಳುತ್ತಾರೆ, ಎರಡನೆಯವರು ಹಣ ಕಳೆದುಕೊಳ್ಳುತ್ತಾರೆ. ಯಾವ ಯಂತ್ರದ ಚಿತ್ರವೂ ‘ಎಲ್ಲವನ್ನೂ’ ಹೇಳುವುದಿಲ್ಲ. ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಆದ್ದರಿಂದ ಯಾವ ಕೀಲಿಗೆ, ಯಾವ ಹೊತ್ತಿನಲ್ಲಿ, ಯಾವ ಚಿತ್ರವನ್ನು, ಯಾವ ಭಂಗಿಯಲ್ಲಿ ತೆಗೆಸಬೇಕು ಎಂಬುದನ್ನು ರೋಗಿ ಮತ್ತು ಅವನ ಮನೆಯವರು ತಿಳಿದಿರುವುದು ಒಳ್ಳೆಯದು. ವೈದ್ಯರ ನಿರ್ಧಾರದ ಜಾಗದಲ್ಲಿ ಈ ಬರಹವನ್ನು ಇಟ್ಟುಕೊಳ್ಳಬಾರದು. ಅವರೆದುರು ಕುಳಿತಾಗ ಸರಿಯಾದ ಮಾತು ಆಡುವುದಕ್ಕೆ ಇದನ್ನು ಬಳಸಿಕೊಳ್ಳಬಹುದು.

ಮೊದಲ ಹಂತ: ಮನೆಯಿಂದ ಹೊರಡುವ ಮುನ್ನ

ನೋವಿನ ಜಾಗವನ್ನು ಒಂದೇ ಬೆರಳಿನಿಂದ ತೋರಿಸಲು ಪ್ರಯತ್ನಿಸಬೇಕು. ‘ಕೈ ಪೂರ್ತಿ ನೋಯುತ್ತದೆ’ ಎಂಬ ಮಾತಿನಿಂದ ವೈದ್ಯರಿಗೆ ಹೆಚ್ಚೇನೂ ತಿಳಿಯುವುದಿಲ್ಲ. ‘ಹೆಬ್ಬೆರಳಿನ ಬುಡದಲ್ಲಿ, ಇಲ್ಲಿ ಒತ್ತಿದರೆ ಜೀವ ಹೋಗುತ್ತದೆ’ ಎಂದರೆ ಅರ್ಧ ರೋಗನಿರ್ಣಯ ಅಲ್ಲಿಯೇ ಆದಂತೆ. ಪೆಟ್ಟು ಬಿದ್ದ ಬಗೆಯೂ ಅಷ್ಟೇ ಮುಖ್ಯ. ಅಂಗೈ ಊರಿ ಬಿದ್ದಿರೋ, ಭುಜದ ಮೇಲೆ ಬಿದ್ದಿರೋ, ಕಬ್ಬಿನ ಟ್ರೇಲರ್‌ನಿಂದ ಜಾರಿದಿರೋ, ಗರಡಿಯಲ್ಲಿ ಎದುರಾಳಿ ಕೈ ತಿರುಚಿದನೋ, ಪಂಪ್‌ಸೆಟ್ಟಿನ ಸ್ಟಾರ್ಟರ್ ಮುಟ್ಟಿ ಶಾಕ್ ಹೊಡೆಯಿತೋ ಎಂಬುದನ್ನು ತಪ್ಪದೆ ಹೇಳಬೇಕು, ಏಕೆಂದರೆ ಯಾವ ಭಂಗಿಯ ಎಕ್ಸ್‌ರೇ ಬೇಕೆಂಬುದು ಇದರಿಂದಲೇ ನಿರ್ಧಾರವಾಗುತ್ತದೆ. ಪೆಟ್ಟೇ ಇಲ್ಲದೆ ಬಂದ ನೋವಾದರೆ, ಅದು ಎಷ್ಟು ತಿಂಗಳಿನದು, ಬೆಳಗ್ಗೆ ಎದ್ದಾಗ ಬೆರಳುಗಳು ಬಿಗಿದಿರುತ್ತವೆಯೇ, ಆ ಬಿಗಿತ ಸಡಿಲವಾಗಲು ಎಷ್ಟು ಹೊತ್ತು ಬೇಕು, ಒಂದೇ ಕೈಯೋ ಎರಡೂ ಕೈಗಳೋ ಎಂಬುದನ್ನು ನೆನಪಿಟ್ಟುಕೊಂಡು ಹೋಗಬೇಕು.

ಕೆಲವು ಲಕ್ಷಣಗಳಿದ್ದರೆ ‘ನಾಳೆ ನೋಡೋಣ’ ಎನ್ನುವಂತಿಲ್ಲ. ಬೆರಳುಗಳು ತಣ್ಣಗಾಗಿ ಬಿಳಿಚಿಕೊಂಡಿದ್ದರೆ, ಜೋಮು ಹಿಡಿದು ಸ್ಪರ್ಶ ತಿಳಿಯದಂತಾಗಿದ್ದರೆ, ಎಲುಬಿನ ಮೇಲಿನ ಚರ್ಮ ಹರಿದಿದ್ದರೆ, ಕೀಲಿನ ಆಕಾರವೇ ಬದಲಾಗಿದ್ದರೆ ಅಂದೇ, ಆ ಗಳಿಗೆಯಲ್ಲೇ ಆಸ್ಪತ್ರೆ ಸೇರಬೇಕು. ಜ್ವರದೊಂದಿಗೆ ಒಂದೇ ಕೀಲು ಬಾತು, ಕೆಂಪಾಗಿ, ಮುಟ್ಟಿದರೆ ಸುಡುವಂತಿದ್ದರೂ ಹಾಗೆಯೇ. ಕೀಲಿನೊಳಗೆ ಕೀವು ತುಂಬಿದಾಗ ಮೊದಲ ದಿನಗಳ ಎಕ್ಸ್‌ರೇ ಸಹಜವಾಗಿಯೇ ಕಾಣಬಹುದು. ಅಲ್ಟ್ರಾಸೌಂಡಿನಲ್ಲಿ ಒಳಗಿನ ನೀರು ಕಾಣುತ್ತದೆ, ಆದರೆ ಸೂಜಿ ಹಾಕಿ ಆ ನೀರನ್ನು ತೆಗೆದು ಪರೀಕ್ಷಿಸಿದಾಗಲೇ ವಿಷಯ ತೀರ್ಮಾನವಾಗುತ್ತದೆ.

ಎಲುಬು ಕಟ್ಟುವವರ ಬಗ್ಗೆ ಇಲ್ಲಿಯೇ ಒಂದು ಮಾತು. ಅವರ ಮೇಲಿನ ನಂಬಿಕೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಎಕ್ಸ್‌ರೇ ತೆಗೆಸದೆ, ಅದರಲ್ಲೂ ಮಕ್ಕಳ ಮೊಣಕೈಗೆ, ಬಿಗಿಯಾಗಿ ದಬ್ಬೆ ಕಟ್ಟಿಸುವುದು ಅಪಾಯ. ಮೊಣಕೈ ಮೇಲ್ಭಾಗದ ಎಲುಬು ಮುರಿದು ಊತವೇರುತ್ತಿರುವಾಗ ಹೊರಗಿನಿಂದ ಬಿಗಿದು ಕಟ್ಟಿದರೆ ಮುಂಗೈಯ ಸ್ನಾಯುಗಳಿಗೆ ರಕ್ತ ನಿಂತು ಹೋಗಬಹುದು. ಕೆಲವೇ ಗಂಟೆಗಳಲ್ಲಿ ಆಗುವ ಆ ಹಾನಿಯಿಂದ ಮಗುವಿನ ಬೆರಳುಗಳು ಜೀವನಪೂರ್ತಿ ಮಡಚಿಕೊಂಡೇ ಉಳಿಯುವುದುಂಟು.

ಎರಡನೆಯ ಹಂತ: ಚೀಟಿಯಲ್ಲಿ ಏನಿರಬೇಕು

ಎಕ್ಸ್‌ರೇ ಅಥವಾ ಸ್ಕ್ಯಾನಿಂಗಿಗೆ ಬರೆದುಕೊಡುವ ಚೀಟಿಯಲ್ಲಿ ಎಡವೋ ಬಲವೋ, ಯಾವ ಕೀಲು, ಯಾವ ಯಾವ ಭಂಗಿ, ಯಾವ ಸಂಶಯ ಎಂಬ ನಾಲ್ಕೂ ಇರಬೇಕು. ‘ಬಲಗೈ ಎಕ್ಸ್‌ರೇ’ ಎಂದಷ್ಟೇ ಇದ್ದರೆ ತಂತ್ರಜ್ಞರು ಅಂಗೈಯದನ್ನು ತೆಗೆಯಬೇಕೋ ಮಣಿಕಟ್ಟಿನದನ್ನೋ ಎಂದು ಊಹಿಸಬೇಕಾಗುತ್ತದೆ. ಮಣಿಕಟ್ಟಿನ ಚಿತ್ರ ಅಂಗೈಯ ಚಿತ್ರವಲ್ಲ: ಕಿರಣದ ಕೇಂದ್ರ ಎಲ್ಲಿ ಬೀಳುತ್ತದೆಯೋ ಅಲ್ಲಿಯ ಕೀಲು ಸ್ಪಷ್ಟವಾಗಿಯೂ ದೂರದ ಕೀಲುಗಳು ಓರೆಯಾಗಿಯೂ ಮೂಡುತ್ತವೆ. ಚೀಟಿ ಕೈಗೆ ಬಂದಾಗ ಒಮ್ಮೆ ಓದಿ, ನೋವಿರುವ ಜಾಗವೇ ಬರೆದಿದೆಯೇ ಎಂದು ನೋಡಿಕೊಂಡರೆ ಸಾಕು. ಹಳೆಯ ಮುರಿತ, ಹಳೆಯ ಶಸ್ತ್ರಚಿಕಿತ್ಸೆ, ಒಳಗಿರುವ ಪ್ಲೇಟು, ಸ್ಕ್ರೂಗಳ ವಿಷಯವೂ ಅದರಲ್ಲಿರಲಿ.

ಮೂರನೆಯ ಹಂತ: ಎಕ್ಸ್‌ರೇ ಕೋಣೆಯಲ್ಲಿ

ಕೈಕೀಲಿನ ತೊಂದರೆ ಯಾವುದೇ ಇರಲಿ, ಚಿತ್ರ ಬೇಕೆಂದಾದಾಗ ಬಹುತೇಕ ಮೊದಲು ತೆಗೆಯುವುದು ಎಕ್ಸ್‌ರೇ. ಅಗ್ಗವಾದದ್ದು, ತಾಲ್ಲೂಕು ಮಟ್ಟದಲ್ಲೇ ಸಿಗುವಂಥದ್ದು, ಕ್ಷಣದಲ್ಲಿ ಮುಗಿಯುವಂಥದ್ದು. ವಿಕಿರಣದ ಭಯ ಇಲ್ಲಿ ಅಷ್ಟಾಗಿ ಬೇಕಿಲ್ಲ. ಕೈಯ ಒಂದು ಎಕ್ಸ್‌ರೇಯಿಂದ ದೇಹಕ್ಕೆ ಸಿಗುವ ಪ್ರಮಾಣ ಸುಮಾರು 0.001 ಮಿಲಿಸೀವರ್ಟ್ (ವಿಕಿರಣದ ಅಳತೆ) ಅಥವಾ ಅದಕ್ಕೂ ಕಡಿಮೆ. ಮಣ್ಣು, ಗಾಳಿ, ಆಕಾಶದಿಂದ ಮನುಷ್ಯನಿಗೆ ವರ್ಷವಿಡೀ ಸಹಜವಾಗಿಯೇ ತಗಲುವ ಜಾಗತಿಕ ಸರಾಸರಿ 2.4 ಮಿಲಿಸೀವರ್ಟ್. ಗರ್ಭಿಣಿಯರು ವಿಷಯವನ್ನು ಮೊದಲೇ ತಿಳಿಸಬೇಕು, ಆದರೆ ಮುರಿದ ಮಣಿಕಟ್ಟಿನ ಎಕ್ಸ್‌ರೇಯನ್ನು ಆ ಕಾರಣಕ್ಕೆ ಬಿಡಬೇಕಾಗಿಲ್ಲ. ಕಿರಣ ಬೀಳುವ ಜಾಗ ಗರ್ಭದಿಂದ ದೂರದಲ್ಲಿರುತ್ತದೆ.

ಉಂಗುರ, ಗಡಿಯಾರ, ಬಳೆ, ಕೈಗೆ ಕಟ್ಟಿದ ತಾಯತ ಇವೆಲ್ಲವನ್ನೂ ತೆಗೆದಿಡಬೇಕು. ಹಸಿರು ಗಾಜಿನ ಬಳೆ ತೆಗೆಯಲು ನಮ್ಮ ಹೆಣ್ಣುಮಕ್ಕಳು ಹಿಂಜರಿಯುತ್ತಾರೆ, ‘ಗಾಜು ತಾನೆ, ಕಾಣುವುದಿಲ್ಲ’ ಎನ್ನುತ್ತಾರೆ. ಗಾಜು ಎಕ್ಸ್‌ರೇಯಲ್ಲಿ ಕಾಣುತ್ತದೆ. ಬಳೆಗಳ ಸಾಲು ನೆರಳು ಮಣಿಕಟ್ಟಿನ ಮೇಲೆಯೇ ಬಿದ್ದು ಬಿರುಕನ್ನು ಮುಚ್ಚಿಬಿಡಬಹುದು. ಬಳೆ ಹೊರಬರದಷ್ಟು ಊತವಿದ್ದರೆ ಮೊಣಕೈ ಕಡೆಗೆ ಸರಿಸಬೇಕು, ಅದೂ ಆಗದಿದ್ದರೆ ಒಡೆಯದೆ ಗತಿಯಿಲ್ಲ. ಉಂಗುರದ ವಿಷಯದಲ್ಲಂತೂ ತಡ ಮಾಡಬಾರದು. ಊತ ಹೆಚ್ಚಾದಂತೆ ಅದೇ ಬೆರಳಿಗೆ ಉರುಳಾಗುತ್ತದೆ. ಅಂದಹಾಗೆ, ರಾಂಟ್ಜೆನ್ 1895ರ ಡಿಸೆಂಬರಿನಲ್ಲಿ ತೆಗೆದ, ಜಗತ್ತಿನ ಮೊದಲ ಪ್ರಸಿದ್ಧ ಮಾನವ ಎಕ್ಸ್‌ರೇ ಅವನ ಹೆಂಡತಿಯ ಕೈಯದು. ಅದರಲ್ಲಿ ಎಲುಬಿಗಿಂತ ಎದ್ದು ಕಾಣುವುದು ಬೆರಳಿನ ಉಂಗುರವೇ.

ಭುಜದ ಎಕ್ಸ್‌ರೇಯಾದರೆ ಕೊರಳಿನ ಸರ, ತಾಳಿ, ಎದೆಯ ಮೇಲಿನ ಇಷ್ಟಲಿಂಗದ ಬೆಳ್ಳಿ ಕರಡಿಗೆಯೂ ಚಿತ್ರದೊಳಗೆ ಬರುವ ಸಾಧ್ಯತೆ ಇರುತ್ತದೆ. ಕರಡಿಗೆಯನ್ನು ಎಲ್ಲೆಂದರಲ್ಲಿ ಇಡಲು ಮನಸ್ಸೊಪ್ಪುವುದಿಲ್ಲವಾದ್ದರಿಂದ ಜೊತೆಗೆ ಬಂದವರ ಕೈಗೆ ಕೊಡುವ ಏರ್ಪಾಟನ್ನು ಮೊದಲೇ ಮಾಡಿಕೊಂಡು ಹೋಗಬೇಕು.

ಒಂದು ಮೂಲನಿಯಮವನ್ನು ನೆನಪಿಡಿ: ಒಂದೇ ಭಂಗಿಯ ಎಕ್ಸ್‌ರೇ ಎಂದರೆ ಅರ್ಧ ಎಕ್ಸ್‌ರೇ. ಎದುರಿನಿಂದ ನೋಡಿದಾಗ ನೇರವಾಗಿ ಕಾಣುವ ಎಲುಬು ಬದಿಯಿಂದ ನೋಡಿದಾಗ ಹಿಂದಕ್ಕೆ ವಾಲಿರಬಹುದು. ಕನಿಷ್ಠ ಎರಡು, ಪರಸ್ಪರ ಲಂಬವಾದ ಭಂಗಿಗಳು ಬೇಕು. ಬೆರಳು, ಅಂಗೈ, ಮಣಿಕಟ್ಟಿಗೆ ಓರೆ ಭಂಗಿಯೂ ಸೇರಿ ಮೂರು. ಮುಂಗೈ ಎಲುಬು ಮುರಿದಿದ್ದರೆ ಮೇಲಿನ ಮತ್ತು ಕೆಳಗಿನ ಎರಡೂ ಕೀಲುಗಳು ಚಿತ್ರದಲ್ಲಿರಬೇಕು, ಏಕೆಂದರೆ ಜೋಡಿ ಎಲುಬುಗಳಲ್ಲಿ ಒಂದು ಮುರಿದು ಗಿಡ್ಡವಾದಾಗ ಇನ್ನೊಂದು ತುದಿಯ ಕೀಲು ತಪ್ಪುವುದು ಸಾಮಾನ್ಯ. ನೋವಿನಿಂದ ಕೈ ತಿರುಗಿಸಲಾಗದಿದ್ದರೆ ‘ಇಷ್ಟೇ ಸಾಕು’ ಎಂದು ಎದ್ದು ಬರಬಾರದು. ಕೈ ತಿರುಗಿಸದೆ ಯಂತ್ರವನ್ನೇ ತಿರುಗಿಸಿ ತೆಗೆಯಲು ಬರುತ್ತದೆ, ಅದನ್ನು ಕೇಳಬೇಕು.

ನಾಲ್ಕನೆಯ ಹಂತ: ಮಣಿಕಟ್ಟು ಮತ್ತು ಬೆರಳುಗಳು

ಒಂದು ಕೈಯಲ್ಲಿ 27 ಎಲುಬುಗಳು: ಮಣಿಕಟ್ಟಿನಲ್ಲಿ 8, ಅಂಗೈಯಲ್ಲಿ 5, ಬೆರಳುಗಳಲ್ಲಿ 14. ತೊಂದರೆಯೆಲ್ಲ ಹೆಚ್ಚಾಗಿ ಆ ಎಂಟರ ಗುಂಪಿನಲ್ಲಿ ಮತ್ತು ಅವುಗಳಿಗೆ ಆಧಾರವಾಗಿರುವ, ಮುಂಗೈಯ ಹೆಬ್ಬೆರಳ ಬದಿಯ ರೇಡಿಯಸ್ ಎಲುಬಿನ ತುದಿಯಲ್ಲಿ. ವಯಸ್ಸಾದ ಹೆಂಗಸು ಅಂಗಳದಲ್ಲಿ ಜಾರಿ ಅಂಗೈ ಊರಿದಾಗ ಮುರಿಯುವುದು ರೇಡಿಯಸ್ಸಿನ ಈ ತುದಿ. ಬದಿಯ ಚಿತ್ರದಲ್ಲಿ ಅದರ ಮೇಲ್ಮೈ ಸಹಜವಾಗಿ ಅಂಗೈ ಕಡೆಗೆ ಸುಮಾರು 11 ಡಿಗ್ರಿ ವಾಲಿರಬೇಕು. ಮುರಿದಾಗ ಅದು ಹಿಂಗೈ ಕಡೆಗೆ ವಾಲುತ್ತದೆ. ಎಷ್ಟು ವಾಲಿದೆ, ಎಲುಬು ಎಷ್ಟು ಗಿಡ್ಡವಾಗಿದೆ, ಬಿರುಕು ಕೀಲಿನ ಮೇಲ್ಮೈಗೆ ಇಳಿದಿದೆಯೇ ಎಂಬ ಮೂರನ್ನು ನೋಡಿ ಪ್ಲಾಸ್ಟರ್ ಸಾಕೋ ಶಸ್ತ್ರಚಿಕಿತ್ಸೆ ಬೇಕೋ ಎಂದು ವೈದ್ಯರು ನಿರ್ಧರಿಸುತ್ತಾರೆ. ಪ್ಲಾಸ್ಟರ್ ಹಾಕಿಸಿಕೊಂಡ ಮೇಲೆ ವಾರದ ಬಳಿಕ ಮತ್ತೊಂದು ಎಕ್ಸ್‌ರೇ ಬರೆದರೆ ಅದನ್ನು ದುಡ್ಡು ಕೀಳುವ ಉಪಾಯ ಎಂದುಕೊಳ್ಳಬೇಡಿ. ಕೂಡಿಸಿದ ಎಲುಬು ಊತ ಇಳಿದಂತೆ ಪ್ಲಾಸ್ಟರಿನೊಳಗೇ ಜರುಗುವುದುಂಟು. ಸಣ್ಣ ಬೀಳುವಿಕೆಗೆ ಮಣಿಕಟ್ಟು ಮುರಿದುಕೊಂಡ ವಯಸ್ಸಾದವರಿಗೆ ಎಲುಬಿನ ಸಾಂದ್ರತೆಯನ್ನು ಅಳೆಯುವ ಡೆಕ್ಸಾ ಪರೀಕ್ಷೆಯೂ ಬೇಕು. ಮುಂದಿನ ಬಾರಿ ಮುರಿಯುವುದು ಸೊಂಟದ ಕೀಲಾಗಬಹುದು.

ಯುವಕರ ವಿಷಯ ಬೇರೆ. ಬೈಕಿನಿಂದ ಬಿದ್ದು ಅಂಗೈ ಊರಿದ ಹುಡುಗನಿಗೆ ಹೆಚ್ಚಾಗಿ ಮುರಿಯುವ ಪುಟ್ಟ ಎಲುಬು ಸ್ಕಾಫಾಯ್ಡ್. ಹೆಬ್ಬೆರಳನ್ನು ಮೇಲಕ್ಕೆತ್ತಿ ಹಿಡಿದಾಗ ಮಣಿಕಟ್ಟಿನ ಆ ಬದಿಯಲ್ಲಿ ಎರಡು ಎಳೆಗಳ ನಡುವೆ ಒಂದು ಕುಳಿ ಬೀಳುತ್ತದೆ. ಅಲ್ಲಿ ಒತ್ತಿದಾಗ ತೀವ್ರ ನೋವಾದರೆ, ಎಕ್ಸ್‌ರೇ ಏನೇ ಹೇಳಲಿ, ಸ್ಕಾಫಾಯ್ಡ್ ಮುರಿದಿದೆ ಎಂದೇ ಭಾವಿಸಿ ನಡೆದುಕೊಳ್ಳಬೇಕು. ಈ ಎಲುಬಿಗೆ ಪ್ರತ್ಯೇಕ ಭಂಗಿಯಿದೆ: ಅಂಗೈಯನ್ನು ಕೆಳಮುಖವಾಗಿಟ್ಟು, ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ಬಾಗಿಸಿದಾಗ ಮಡಚಿಕೊಂಡಂತಿರುವ ಸ್ಕಾಫಾಯ್ಡ್ ಉದ್ದಕ್ಕೆ ಚಾಚಿ ನಿಲ್ಲುತ್ತದೆ. ಅಷ್ಟಾದರೂ ಮೊದಲ ದಿನ ಬಿರುಕು ಕಾಣದೇ ಇರಬಹುದು. ಆಗ ಹೆಬ್ಬೆರಳೂ ಸೇರಿದಂತೆ ಕಟ್ಟು ಹಾಕಿ, 10ರಿಂದ 14 ದಿನ ಬಿಟ್ಟು ಮತ್ತೆ ಎಕ್ಸ್‌ರೇ ತೆಗೆಯುವುದು ಹಳೆಯ ಪದ್ಧತಿ. ಸೌಲಭ್ಯವಿದ್ದರೆ ಮೊದಲ ವಾರದಲ್ಲೇ ಎಂಆರ್‌ಐ ಮಾಡಿಸಿ ಇತ್ಯರ್ಥ ಮಾಡಿಕೊಳ್ಳಬಹುದು. ಈ ಒಂದು ಎಲುಬಿನ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. ಸ್ಕಾಫಾಯ್ಡಿಗೆ ರಕ್ತ ಹರಿಯುವುದು ಬೆರಳಿನ ಕಡೆಯಿಂದ ಮುಂಗೈ ಕಡೆಗೆ, ಹಿಮ್ಮುಖವಾಗಿ. ನಡುವೆ ಮುರಿದರೆ ಮುಂಗೈ ಕಡೆಯ ತುಣುಕಿಗೆ ರಕ್ತ ತಪ್ಪಿ ಅದು ಸಾಯಬಹುದು, ಎಲುಬು ಕೂಡದೇ ಉಳಿಯಬಹುದು, ಕೆಲವು ವರ್ಷಗಳಲ್ಲಿ ಇಡೀ ಮಣಿಕಟ್ಟು ಸವೆಯಬಹುದು. ‘ಎಕ್ಸ್‌ರೇ ನಾರ್ಮಲ್ ಬಂದಿದೆ’ ಎಂದು ಖುಷಿಪಟ್ಟು ಮತ್ತೆ ತೋರಿಸದೇ ಇರುವುದೇ ಇಲ್ಲಿ ಆಗುವ ದೊಡ್ಡ ಅನಾಹುತ.

ಮಣಿಕಟ್ಟಿನ ನೇರ ಚಿತ್ರದಲ್ಲಿ ಎಂಟು ಎಲುಬುಗಳ ಅಂಚುಗಳು ಮೂರು ನಯವಾದ ಕಮಾನುಗಳಾಗಿ ಕಾಣಬೇಕು. ಕಮಾನು ಎಲ್ಲಿ ತುಂಡಾಗುತ್ತದೆಯೋ ಅಲ್ಲಿ ತೊಂದರೆ. ಸ್ಕಾಫಾಯ್ಡ್ ಮತ್ತು ಅದರ ಪಕ್ಕದ ಲೂನೇಟ್ ಎಲುಬಿನ ನಡುವಿನ ಸಂದು 3 ಮಿಲಿಮೀಟರಿಗಿಂತ ಅಗಲವಾಗಿದ್ದರೆ ಅವೆರಡನ್ನು ಬಿಗಿದಿರುವ ಬಂಧ ಹರಿದಿರುವ ಸಂಶಯ ಮೂಡಬೇಕು. ಲೂನೇಟ್ ತನ್ನ ಜಾಗದಿಂದಲೇ ಜಾರಿದ್ದರೆ ನೇರ ಚಿತ್ರದಲ್ಲಿ ಅದು ಮೋಸ ಮಾಡಬಹುದು, ಬದಿಯ ಚಿತ್ರದಲ್ಲಿ ಮಾತ್ರ ಮಗುಚಿದ ಬಟ್ಟಲಿನಂತೆ ನಿಚ್ಚಳವಾಗಿ ಕಾಣುತ್ತದೆ. ಮಣಿಕಟ್ಟು ಬಾತು ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದವರ ಬದಿಯ ಎಕ್ಸ್‌ರೇಯನ್ನು ವೈದ್ಯರು ಎರಡೆರಡು ಸಲ ನೋಡುವುದು ಇದಕ್ಕೇ.

ಪೆಟ್ಟಿಲ್ಲದ ಬೆರಳುನೋವಿಗೆ ಬಂದರೆ, ಸಂಧಿವಾತದ ಸಂಶಯವಿದ್ದಾಗ ಎರಡೂ ಕೈಗಳನ್ನು ಅಕ್ಕಪಕ್ಕ ಇಟ್ಟು ಒಟ್ಟಿಗೇ ಎಕ್ಸ್‌ರೇ ತೆಗೆಯಬೇಕು, ನೋವು ಒಂದರಲ್ಲೇ ಇದ್ದರೂ ಸರಿ. ರುಮಟಾಯ್ಡ್ ಸಂಧಿವಾತ ಬೆರಳ ಬುಡದ ಕೀಲು, ನಡುವಿನ ಕೀಲು ಮತ್ತು ಮಣಿಕಟ್ಟನ್ನು ಹಿಡಿಯುತ್ತದೆ, ಉಗುರಿನ ಹತ್ತಿರದ ಕೀಲನ್ನು ಸಾಮಾನ್ಯವಾಗಿ ಬಿಡುತ್ತದೆ. ಕೀಲಿನ ಅಂಚಿನಲ್ಲಿ ಎಲುಬನ್ನು ಇಲಿ ಕಡಿದ ಹಾಗೆ ಕೊರೆಯುತ್ತದೆ. ವಯೋಸಹಜ ಸವೆತ ಇದಕ್ಕೆ ಹೆಚ್ಚುಕಡಿಮೆ ತಿರುಗುಮುರುಗು: ಉಗುರಿನ ಹತ್ತಿರದ ಕೀಲು ಮತ್ತು ಹೆಬ್ಬೆರಳಿನ ಬುಡ ಅದರ ಠಾವು, ಕೊರೆತದ ಬದಲು ಎಲುಬಿನ ಮುಳ್ಳುಗಳು ಬೆಳೆಯುತ್ತವೆ. ದಿನವೂ ಜೋಳದ ರೊಟ್ಟಿ ಬಡಿಯುವ ಕೈಗಳಲ್ಲಿ ಹೆಬ್ಬೆರಳಿನ ಬುಡದ ನೋವು ಎಷ್ಟು ಸಾಮಾನ್ಯ ಎಂಬುದನ್ನು ನಮ್ಮ ಮನೆಗಳಲ್ಲಿ ಹೇಳಿಕೊಡಬೇಕಾಗಿಲ್ಲ. ರುಮಟಾಯ್ಡ್ ಶುರುವಾದ ಮೊದಲ ತಿಂಗಳುಗಳಲ್ಲಿ ಎಕ್ಸ್‌ರೇ ಸಹಜವಾಗಿರಬಹುದು ಎಂಬುದು ಇಲ್ಲಿ ಮುಖ್ಯ. ಆ ಹಂತದಲ್ಲಿ ಡಾಪ್ಲರ್ (ರಕ್ತದ ಹರಿವನ್ನು ತೋರಿಸುವ ವಿಧಾನ) ಸಹಿತದ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಕೀಲಿನ ಒಳಪೊರೆಯ ಉರಿಯೂತವನ್ನು ತೋರಿಸುತ್ತದೆ, ಎಲುಬು ಹಾಳಾಗುವ ಮುನ್ನವೇ ಔಷಧ ಶುರು ಮಾಡಲು ಅವಕಾಶ ಸಿಗುತ್ತದೆ.

ಐದನೆಯ ಹಂತ: ಮೊಣಕೈ

ಮೊಣಕೈಯ ಒಳ್ಳೆಯ ಬದಿ ಚಿತ್ರಕ್ಕೆ ರೋಗಿಯ ಸಹಕಾರ ಬೇಕು. ಮೇಜಿನ ಪಕ್ಕ ತಗ್ಗಾದ ಕುರ್ಚಿಯಲ್ಲಿ ಕುಳಿತು, ಭುಜವನ್ನು ಮೇಜಿನ ಮಟ್ಟಕ್ಕೆ ಇಳಿಸಿ, ಮೊಣಕೈಯನ್ನು 90 ಡಿಗ್ರಿ ಮಡಚಿ, ಹೆಬ್ಬೆರಳು ಮೇಲ್ಮುಖವಾಗಿರುವಂತೆ ಮುಂಗೈಯನ್ನು ಮೇಜಿನ ಮೇಲೆ ಇಡಬೇಕು. ಭುಜ, ಮೊಣಕೈ, ಮಣಿಕಟ್ಟು ಮೂರೂ ಒಂದೇ ಮಟ್ಟದಲ್ಲಿರಬೇಕು. ಭುಜ ಮೇಲಿದ್ದು ಕೈ ಇಳಿಜಾರಾದರೆ ಎಲುಬುಗಳು ಒಂದರ ಮೇಲೊಂದು ಓರೆಯಾಗಿ ಬಿದ್ದು ಚಿತ್ರ ನಿರುಪಯೋಗಿಯಾಗುತ್ತದೆ.

ಇಷ್ಟೆಲ್ಲ ಶಿಸ್ತು ಏಕೆಂದರೆ, ಈ ಚಿತ್ರದಲ್ಲಿ ಎಲುಬಿಗಿಂತ ಕೊಬ್ಬು ಹೆಚ್ಚು ಮಾತಾಡುತ್ತದೆ. ಕೀಲಿನ ಮುಂದೆ ಮತ್ತು ಹಿಂದೆ ತೆಳುವಾದ ಕೊಬ್ಬಿನ ಪದರಗಳಿವೆ. ಮುಂದಿನದು ಎಲುಬಿಗೆ ಅಂಟಿಕೊಂಡ ಕಪ್ಪು ಗೆರೆಯಾಗಿ ಸಹಜವಾಗಿಯೇ ಕಾಣಬಹುದು, ಹಿಂದಿನದು ಕಾಣಬಾರದು. ಮುರಿದ ಎಲುಬಿನಿಂದ ಕೀಲಿನೊಳಗೆ ರಕ್ತ ಸೋರಿದಾಗ ಮುಂದಿನ ಪದರ ದೋಣಿಯ ಹಾಯಿಯಂತೆ ಎದ್ದು ನಿಲ್ಲುತ್ತದೆ, ಹಿಂದಿನದು ಹೊರಗೆ ಇಣುಕುತ್ತದೆ. ಬಿರುಕು ಕಣ್ಣಿಗೆ ಬೀಳದಿದ್ದರೂ ಈ ಎರಡು ಕಪ್ಪು ನೆರಳು ಕಂಡರೆ ದೊಡ್ಡವರಲ್ಲಿ ರೇಡಿಯಸ್ಸಿನ ತಲೆ, ಮಕ್ಕಳಲ್ಲಿ ಮೊಣಕೈ ಮೇಲ್ಭಾಗ ಮುರಿದಿರುವ ಸಾಧ್ಯತೆ ಹೆಚ್ಚೆಂದು ಎಣಿಸಿ ಕಟ್ಟು ಹಾಕಬೇಕು.

ಮಕ್ಕಳ ಮೊಣಕೈ ಓದುವುದು ಅನುಭವಿಗಳಿಗೂ ಕಷ್ಟ. ಅಲ್ಲಿಯ ಆರು ಎಲುಬಿನ ಕೇಂದ್ರಗಳು ಒಂದೊಂದಾಗಿ, ಸುಮಾರು 1, 3, 5, 7, 9, 11ನೆಯ ವರ್ಷಗಳಲ್ಲಿ ಮೂಡುತ್ತವೆ. ಅಷ್ಟರವರೆಗೆ ಅವು ಮೃದ್ವಸ್ಥಿಯಾಗಿದ್ದು ಎಕ್ಸ್‌ರೇಯಲ್ಲಿ ಖಾಲಿ ಜಾಗದಂತೆ ಕಾಣುತ್ತವೆ. ಬೆಳೆಯುವ ಸಂದನ್ನು ಮುರಿತವೆಂದೂ, ಮುರಿದು ಜಾರಿದ ತುಣುಕನ್ನು ಸಹಜ ಎಲುಬೆಂದೂ ತಿಳಿಯುವ ಅವಕಾಶ ಎರಡೂ ಕಡೆ ಇದೆ. ಸಂಶಯವಾದಾಗ ಆರೋಗ್ಯವಾಗಿರುವ ಇನ್ನೊಂದು ಮೊಣಕೈಯದನ್ನೂ ಅದೇ ಭಂಗಿಯಲ್ಲಿ ತೆಗೆಸಿ ಹೋಲಿಸುವುದುಂಟು. ‘ಚೆನ್ನಾಗಿರುವ ಕೈಗೆ ಯಾಕೆ’ ಎಂದು ತಕರಾರು ಮಾಡಬೇಡಿ. ಇದಕ್ಕೆ ವಿರುದ್ಧವಾಗಿ, ಐದು ವರ್ಷದೊಳಗಿನ ಮಗುವಿನ ಕೈ ಹಿಡಿದು ಎಳೆದ ತಕ್ಷಣ ಅದು ಕೈ ಎತ್ತದೆ ಜೋತುಬಿಟ್ಟರೆ, ಬಿದ್ದ ಪೆಟ್ಟಾಗಲಿ ಊತವಾಗಲಿ ಇಲ್ಲದಿದ್ದರೆ, ವೈದ್ಯರು ಎಕ್ಸ್‌ರೇ ಇಲ್ಲದೆಯೇ ಕೀಲನ್ನು ಕೂಡಿಸುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ಮಗು ಆಡತೊಡಗುತ್ತದೆ.

ಮುಂಗೈಯ ಎಕ್ಸ್‌ರೇಗೆ ನಮ್ಮ ಸೀಮೆಯಲ್ಲಿ ಇನ್ನೊಂದು ಅರ್ಥವೂ ಇದೆ. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕೆಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಮಿನ ಮಿತಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಕೀಲುಗಳು ಬಿಗಿಯುತ್ತವೆ. ಮುಂಗೈಯ ಜೋಡಿ ಎಲುಬುಗಳಾದ ರೇಡಿಯಸ್ ಮತ್ತು ಅಲ್ನಾಗಳ ನಡುವಿನ ಪೊರೆ ಸುಣ್ಣಗಟ್ಟಿ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುವುದು ಈ ರೋಗದ ಪ್ರಮುಖ ಗುರುತು. ಕೀಲುನೋವಿಗೆ ಮಾತ್ರೆ ನುಂಗುತ್ತಿರುವವರು ಕುಡಿಯುವ ನೀರಿನ ಮೂಲವನ್ನೂ ವೈದ್ಯರಿಗೆ ಹೇಳಬೇಕು.

ಆರನೆಯ ಹಂತ: ಭುಜ

ಭುಜದ ಕೀಲು ತಪ್ಪುವುದು ನೂರಕ್ಕೆ 95ರಷ್ಟು ಮುಂದಕ್ಕೆ. ಅದು ಒಂದೇ ಎಕ್ಸ್‌ರೇಯಲ್ಲಿ, ಎಷ್ಟೋ ಸಲ ಬರಿಗಣ್ಣಿಗೇ, ಗೊತ್ತಾಗುತ್ತದೆ. ಮೋಸ ಮಾಡುವುದು ಹಿಂದಕ್ಕೆ ತಪ್ಪಿದ ಕೀಲು. ಮೂರ್ಛೆ ರೋಗದವರಲ್ಲಿ ಮತ್ತು ವಿದ್ಯುತ್ ಶಾಕ್ ಹೊಡೆದವರಲ್ಲಿ ಸ್ನಾಯುಗಳು ಒಮ್ಮೆಲೇ ಸೆಟೆದು ಭುಜ ಹಿಂದಕ್ಕೆ ಜಾರುತ್ತದೆ. ಎದುರಿನಿಂದ ತೆಗೆದ ಎಕ್ಸ್‌ರೇಯಲ್ಲಿ ಎಲುಬು ಜಾಗದಲ್ಲೇ ಇರುವಂತೆ ತೋರುತ್ತದೆ. ತೋಳೆಲುಬಿನ ತಲೆ ತನ್ನ ಸಹಜ ಓರೆ ಆಕಾರ ಬಿಟ್ಟು ಬಲ್ಬಿನಂತೆ ದುಂಡಗೆ ಕಂಡರೆ ಅನುಭವಿಗಳು ಎಚ್ಚರಗೊಳ್ಳುತ್ತಾರೆ. ಬಗಲಿನ ಕಡೆಯಿಂದ ತೆಗೆಯುವ ಚಿತ್ರ ಅಥವಾ ಹೆಗಲೆಲುಬು ಇಂಗ್ಲಿಷಿನ ವೈ ಅಕ್ಷರದಂತೆ ಕಾಣುವ ಬದಿ ಚಿತ್ರ ತೆಗೆಸದೆ ಈ ತೊಂದರೆಯನ್ನು ತಳ್ಳಿಹಾಕಲಾಗದು. ರಾತ್ರಿ ಕರೆಂಟ್ ಬಂದಾಗ ಗದ್ದೆಗೆ ನೀರು ಹಾಯಿಸಲು ಹೋಗಿ ಶಾಕ್ ಹೊಡೆಸಿಕೊಂಡವರು, ಆಮೇಲೆ ಕೈಯನ್ನು ಹೊರಮುಖವಾಗಿ ತಿರುಗಿಸಲು ಆಗುತ್ತಿಲ್ಲ ಎನ್ನುವುದಾದರೆ, ಎರಡನೆಯ ಭಂಗಿಯ ಎಕ್ಸ್‌ರೇ ಆಗಿದೆಯೇ ಎಂದು ಕೇಳಲೇಬೇಕು.

ಕೀಲನ್ನು ಕೂಡಿಸಿದ ಮೇಲೂ ಎಕ್ಸ್‌ರೇ ಬೇಕು, ಕೂಡಿಸುವಾಗ ಅಥವಾ ತಪ್ಪುವಾಗ ಎಲುಬಿನ ಚೂರು ಎದ್ದಿದೆಯೇ ಎಂದು ನೋಡಲು. ಕುಸ್ತಿ, ಕಬಡ್ಡಿ ಆಡುವ ಹರೆಯದವರಲ್ಲಿ ಒಮ್ಮೆ ತಪ್ಪಿದ ಭುಜ ಮತ್ತೆ ಮತ್ತೆ ತಪ್ಪುತ್ತದೆ. ಅವರಿಗೆ ಕೀಲಿನೊಳಗೆ ಔಷಧ ತುಂಬಿ ಮಾಡುವ ಎಂಆರ್‌ಐಯಿಂದ ಭುಜದ ಕೀಲಿನ ಬಟ್ಟಲಿನ ಅಂಚು ಹರಿದಿರುವುದೂ, ಸಿಟಿ ಸ್ಕ್ಯಾನಿನಿಂದ (ಎಕ್ಸ್‌ರೇ ಕಿರಣದಿಂದ ಪದರ ಪದರವಾಗಿ ಚಿತ್ರ ತೆಗೆಯುವ ಪರೀಕ್ಷೆ) ಎಲುಬು ಎಷ್ಟು ಸವೆದಿದೆ ಎಂಬುದೂ ತಿಳಿಯುತ್ತದೆ. ಶಸ್ತ್ರಚಿಕಿತ್ಸೆಯ ಬಗೆಯನ್ನು ಇವೆರಡರ ಮೇಲೆ ನಿರ್ಧರಿಸುತ್ತಾರೆ.

ಸಕ್ಕರೆ ಕಾಯಿಲೆಯವರ ಭುಜ ಹಿಡಿದುಕೊಂಡರೆ ಎಕ್ಸ್‌ರೇ ಸಾಮಾನ್ಯವಾಗಿ ಸಹಜವಾಗಿರುತ್ತದೆ, ರೋಗನಿರ್ಣಯ ಕೈ ಆಡಿಸಿ ನೋಡುವುದರಿಂದಲೇ ಆಗುತ್ತದೆ. ಇಲ್ಲಿ ಎಂಆರ್‌ಐ ಬಹುಮಟ್ಟಿಗೆ ಅನಗತ್ಯ ಖರ್ಚು ಎಂಬುದು ನನ್ನ ಅಭಿಪ್ರಾಯ.

ಏಳನೆಯ ಹಂತ: ಅಲ್ಟ್ರಾಸೌಂಡ್ ಯಾವಾಗ

ಸ್ಕ್ಯಾನಿಂಗ್ ಎಂದರೆ ಬಸುರಿಯರಿಗೆ, ಹೊಟ್ಟೆನೋವಿಗೆ ಎಂದೇ ತಿಳಿದವರಿಗೆ ಕೈಕೀಲಿಗೂ ಅದು ನಡೆಯುತ್ತದೆ ಎಂಬುದು ಅಚ್ಚರಿ. ಚರ್ಮದ ಹತ್ತಿರವೇ ಇರುವ ಸ್ನಾಯುರಜ್ಜು (ಸ್ನಾಯುವನ್ನು ಎಲುಬಿಗೆ ಬಿಗಿಯುವ ಹುರಿ), ನರ, ನೀರುಗಂಟು, ಕೀಲಿನ ನೀರು ಇವನ್ನು ಚರ್ಮದ ಮೇಲೆ ಆಡಿಸುವ, ಹೆಚ್ಚಿನ ಕಂಪನದ ಶಬ್ದತರಂಗದ ಪ್ರೋಬು ಎಂಆರ್‌ಐಗೆ ಸರಿಸಮನಾಗಿ ತೋರಿಸಬಲ್ಲದು. ಮೇಲಾಗಿ ಬೆರಳು ಮಡಚಿ ಬಿಡಿಸುತ್ತಿರುವಾಗಲೇ ರಜ್ಜು ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದನ್ನು ನೋಡಬಹುದು. ಭುಜದ ರಜ್ಜು ಹರಿದಿದೆಯೇ ಎಂಬ ಪ್ರಶ್ನೆಗೆ ಇದು ಅಗ್ಗದ ಉತ್ತರ.

ಹೊಲದಲ್ಲಿ ದುಡಿಯುವವರಿಗೆ ಇದರ ಉಪಯೋಗ ಇನ್ನೂ ಹೆಚ್ಚು. ಜಾಲಿಮುಳ್ಳು, ಇಂಡಿ ಕಡೆಯ ತೋಟಗಳ ನಿಂಬೆಮುಳ್ಳು, ಕಬ್ಬಿನ ಸಿಬಿರು ಬೆರಳಿನ ಕೀಲಿಗೆ ಚುಚ್ಚಿ ತುದಿ ಒಳಗೇ ಮುರಿದರೆ ವಾರಗಟ್ಟಲೆ ಆ ಒಂದೇ ಕೀಲು ಬಾತಿರುತ್ತದೆ. ಸಂಧಿವಾತವೆಂದು ಔಷಧ ನಡೆಯುತ್ತಿರುತ್ತದೆ. ಗಾಜು, ಕಬ್ಬಿಣದ ಚೂರು ಎಕ್ಸ್‌ರೇಯಲ್ಲಿ ಕಾಣುತ್ತವೆ. ಮುಳ್ಳು, ಕಟ್ಟಿಗೆ ಬಹುತೇಕ ಕಾಣುವುದೇ ಇಲ್ಲ. ಅಲ್ಟ್ರಾಸೌಂಡಿನಲ್ಲಿ ಮುಳ್ಳು ಬೆಳ್ಳನೆಯ ಪುಟ್ಟ ಗೆರೆಯಾಗಿ, ಅದರ ಹಿಂದೆ ಕಪ್ಪು ನೆರಳಿನೊಂದಿಗೆ, ಸಿಕ್ಕಿಬೀಳುತ್ತದೆ. ಮುಳ್ಳು ಚುಚ್ಚಿದ ನೆನಪಿದ್ದರೆ, ಅದು ಎರಡು ತಿಂಗಳ ಹಿಂದಿನದಾದರೂ, ಹೇಳಬೇಕು.

ಈ ಪರೀಕ್ಷೆಯ ಫಲ ಮಾಡುವವರ ಕೈಚಳಕದ ಮೇಲೆ ನಿಂತಿದೆ. ಫೋನು ಮಾಡಿ, ‘ಕೀಲು, ಸ್ನಾಯುಗಳ ಸ್ಕ್ಯಾನಿಂಗ್ ಮಾಡುತ್ತೀರಾ’ ಎಂದು ಕೇಳಿಕೊಂಡೇ ಹೋಗಬೇಕು. ಎಲುಬಿನ ಒಳಗನ್ನು ಅಲ್ಟ್ರಾಸೌಂಡ್ ನೋಡಲಾರದು.

ಎಂಟನೆಯ ಹಂತ: ಸಿಟಿ ಸ್ಕ್ಯಾನ್

ಮುರಿತ ಕೀಲಿನ ಮೇಲ್ಮೈಗೆ ಇಳಿದು ಚೂರುಚೂರಾದಾಗ, ಶಸ್ತ್ರಚಿಕಿತ್ಸೆಗೆ ಮುನ್ನ ಪ್ರತಿ ತುಣುಕಿನ ಜಾಗ ತಿಳಿಯಲು, ಮತ್ತು ಸ್ಕಾಫಾಯ್ಡ್ ನಿಜವಾಗಿ ಕೂಡಿದೆಯೇ ಎಂದು ನೋಡಲು ಸಿಟಿ ಬೇಕು. ಕೆಲವು ಸೆಕೆಂಡುಗಳ ಕೆಲಸ. ಸ್ನಾಯು, ಬಂಧಗಳ ಪ್ರಶ್ನೆಗೆ ಇದರಿಂದ ಹೆಚ್ಚು ಪ್ರಯೋಜನವಿಲ್ಲ.

ಒಂಬತ್ತನೆಯ ಹಂತ: ಎಂಆರ್‌ಐಗೆ ಹೋಗುವಾಗ

ಎಂಆರ್‌ಐ ಬರೆದಾಗ ವೈದ್ಯರಿಗೆ ಒಂದು ಪ್ರಶ್ನೆ ಹಾಕಿ: ‘ಇದರಲ್ಲಿ ಏನು ಬಂದರೆ ಚಿಕಿತ್ಸೆ ಬದಲಾಗುತ್ತದೆ?’ ಸ್ಪಷ್ಟ ಉತ್ತರ ಸಿಕ್ಕರೆ ಹೊರಡಿ. ಎಕ್ಸ್‌ರೇಗೆ ಸಿಗದ ಬಿರುಕು, ರಕ್ತ ತಪ್ಪಿದ ಎಲುಬು, ಮಣಿಕಟ್ಟಿನ ಕಿರುಬೆರಳ ಬದಿಯ ಮೃದ್ವಸ್ಥಿ ಹರಿದಿರುವುದು, ಎಲುಬಿನೊಳಗಿನ ಸೋಂಕು ಅಥವಾ ಗಡ್ಡೆ, ಭುಜದ ರಜ್ಜು ಹರಿದು ಶಸ್ತ್ರಚಿಕಿತ್ಸೆ ಯೋಚಿಸುತ್ತಿರುವುದು ಇವೆಲ್ಲ ತಕ್ಕ ಕಾರಣಗಳು. ಅರವತ್ತು ದಾಟಿದ ವಯಸ್ಸು ಮಾತ್ರ ಕಾರಣವಾಗಿದ್ದರೆ ಯೋಚಿಸಬೇಕು: ಆ ವಯಸ್ಸಿನ ಅನೇಕರಲ್ಲಿ ನೋವೇ ಇಲ್ಲದೆ ಭುಜದ ರಜ್ಜು ಹರಿದಿರುತ್ತದೆ, ವರದಿಯಲ್ಲಿ ಅದನ್ನು ಓದಿದ ಮೇಲೆ ಇಲ್ಲದ ಚಿಂತೆ ಶುರುವಾಗುತ್ತದೆ.

ಎಂಆರ್‌ಐ ಚಿತ್ರ ತೆಗೆಯುವುದು ಕಾಂತಶಕ್ತಿಯಿಂದ. 1.5 ಟೆಸ್ಲಾ (ಕಾಂತಬಲದ ಅಳತೆ) ಯಂತ್ರದ ಕಾಂತಕ್ಷೇತ್ರ ಭೂಮಿಯದಕ್ಕಿಂತ ಸುಮಾರು 30,000 ಪಟ್ಟು ಹೆಚ್ಚು, ಮತ್ತು ಅದು ಸದಾ ಚಾಲೂ ಇರುತ್ತದೆ. ಹೃದಯದ ಪೇಸ್‌ಮೇಕರ್, ಕಿವಿಯೊಳಗಿನ ಕಾಕ್ಲಿಯರ್ ಯಂತ್ರ, ಮಿದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್ಪು ಇದ್ದವರು ಅದರ ಕಾರ್ಡು ತೋರಿಸದೆ ಒಳಗೆ ಕಾಲಿಡಬಾರದು. ಬೆಳಗಾವಿಯ ಉದ್ಯಮಬಾಗ್‌ನಂಥ ಕಡೆ ಫೌಂಡ್ರಿ, ಲೇತ್, ವೆಲ್ಡಿಂಗ್ ಕೆಲಸ ಮಾಡಿದವರು ಕಣ್ಣಿಗೆ ಎಂದಾದರೂ ಕಬ್ಬಿಣದ ಚೂರು ಹೊಕ್ಕಿದ್ದರೆ ಮೊದಲೇ ತಿಳಿಸಬೇಕು, ಆಗ ಕಣ್ಣಿನ ಎಕ್ಸ್‌ರೇ ತೆಗೆದು ನೋಡಿದ ಮೇಲೆಯೇ ಮುಂದುವರಿಯುತ್ತಾರೆ. ಎಲುಬಿಗೆ ಹಾಕಿದ ಪ್ಲೇಟುಗಳು ಸಾಮಾನ್ಯವಾಗಿ ಅಪಾಯ ತರುವುದಿಲ್ಲ, ಆದರೆ ಅವುಗಳ ಸುತ್ತಲಿನ ಚಿತ್ರ ಕಲೆಸಿಹೋಗುತ್ತದೆ. ಉಡದಾರದ ತಾಯತ, ಸೀರೆಯ ಪಿನ್ನು, ಹೇರ್‌ಪಿನ್ನು, ಕರಡಿಗೆ, ಮೊಬೈಲು, ಎಟಿಎಂ ಕಾರ್ಡು ಎಲ್ಲವೂ ಹೊರಗೆ.

ಪರೀಕ್ಷೆಗೆ 20ರಿಂದ 40 ನಿಮಿಷ ಬೇಕು. ಮಣಿಕಟ್ಟು, ಮೊಣಕೈಗೆ ಕೆಲವೆಡೆ ಬೋರಲು ಮಲಗಿಸಿ ಕೈಯನ್ನು ತಲೆಯ ಮೇಲೆ ಚಾಚಿಸುತ್ತಾರೆ. ಭುಜ ನೋಯುವವರಿಗೆ ಹತ್ತು ನಿಮಿಷದಲ್ಲೇ ಕೈ ನಡುಗಿ ಚಿತ್ರ ಕೆಡುತ್ತದೆ. ಈ ಭಂಗಿ ಸಾಧ್ಯವಿಲ್ಲವೆಂದು ಮೊದಲೇ ಹೇಳಿದರೆ ಕೈಯನ್ನು ಪಕ್ಕದಲ್ಲಿಟ್ಟು ಮಾಡುತ್ತಾರೆ. ಸೋಂಕು, ಗಡ್ಡೆ, ಒಳಪೊರೆಯ ಉರಿಯೂತದ ಸಂಶಯವಿದ್ದಾಗ ತೊಂದರೆಯ ಜಾಗ ಚಿತ್ರದಲ್ಲಿ ಎದ್ದು ಕಾಣುವಂತೆ ಮಾಡುವ ಗ್ಯಾಡೋಲಿನಿಯಮ್ ಚುಚ್ಚುಮದ್ದು ಕೊಡಬಹುದು. ಮೂತ್ರಪಿಂಡದ ತೊಂದರೆ ಇದ್ದವರು ರಕ್ತಪರೀಕ್ಷೆಯ ವರದಿ ಒಯ್ಯಬೇಕು. ಸರ್ಕಾರಿ ಆಸ್ಪತ್ರೆ, ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರರನ್ನು (ಯೋಜನೆಯ ಮಾಹಿತಿ ಕೊಡುವ ಸಹಾಯಕರನ್ನು) ಕಂಡು, ಆಯುಷ್ಮಾನ್ ಯೋಜನೆಯಲ್ಲಿ ಯಾವ ಭಾಗ ಸೇರುತ್ತದೆ ಎಂದು ಹಣ ಕಟ್ಟುವ ಮುನ್ನ ವಿಚಾರಿಸಿ.

ಹತ್ತನೆಯ ಹಂತ: ವರದಿ ಬಂದ ಮೇಲೆ

ವರದಿಯ ಕೊನೆಯಲ್ಲಿ ಬರುವ ‘ಇಂಪ್ರೆಷನ್’ ಭಾಗವೇ ಸಾರ. ಅಲ್ಲಿ ‘ಎಫ್ಯೂಷನ್’ ಎಂದರೆ ಕೀಲಿನಲ್ಲಿ ನೀರು, ‘ಎರೋಷನ್’ ಎಂದರೆ ಕೊರೆತ, ‘ಆಸ್ಟಿಯೋಫೈಟ್’ ಎಂದರೆ ಎಲುಬಿನ ಮುಳ್ಳು, ‘ಪಾರ್ಷಿಯಲ್ ಟೇರ್’ ಎಂದರೆ ಅರೆಬರೆ ಹರಿದಿರುವುದು. ಕೊನೆಗೆ ‘ಕ್ಲಿನಿಕಲ್ ಕೊರಿಲೇಶನ್’ ಬೇಕು ಎಂದಿದ್ದರೆ, ಚಿತ್ರವನ್ನು ಕೈ ಮುಟ್ಟಿ ನೋಡಿದ ವೈದ್ಯರೇ ಹೊಂದಿಸಿ ತೀರ್ಮಾನಿಸಲಿ ಎಂದರ್ಥ; ಆದ್ದರಿಂದ ವರದಿ ಹಿಡಿದು ಬರೆದುಕೊಟ್ಟ ವೈದ್ಯರ ಬಳಿಗೇ ಹಿಂದಿರುಗಬೇಕು.

ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು ಮೊಬೈಲಿನಲ್ಲಿ ಕ್ಲಿಕ್ಕಿಸಿ ವಾಟ್ಸಾಪಿನಲ್ಲಿ ಕಳಿಸುವುದು ಈಗ ಎಲ್ಲರ ರೂಢಿ. ಕೂದಲೆಳೆಯ ಬಿರುಕು ಆ ಫೋಟೋದಲ್ಲಿ ಉಳಿಯುವುದಿಲ್ಲ. ಒಂದೇ ಹಾಳೆಯ ಮೇಲೆ ನಾಲ್ಕು ಚಿತ್ರ ಕುಗ್ಗಿಸಿ ಅಚ್ಚು ಹಾಕಿದ ಫಿಲ್ಮಿಗೂ ಇದೇ ಮಿತಿ. ಡೈಕಾಮ್ (ವೈದ್ಯಕೀಯ ಚಿತ್ರಗಳ ಡಿಜಿಟಲ್ ಕಡತ) ರೂಪದ ಮೂಲಚಿತ್ರಗಳನ್ನು ಸಿಡಿ ಅಥವಾ ಪೆನ್‌ಡ್ರೈವಿನಲ್ಲಿ ಕೇಳಿ ಪಡೆಯಬೇಕು. ಚಿತ್ರದ ಮೂಲೆಯಲ್ಲಿ ನಿಮ್ಮ ಹೆಸರು, ದಿನಾಂಕ, ಎಡ-ಬಲದ ಗುರುತು ಸರಿಯಾಗಿದೆಯೇ ಎಂದು ಕೌಂಟರಿನಲ್ಲೇ ನೋಡಿಕೊಳ್ಳಬೇಕು. ಹಳೆಯ ಎಕ್ಸ್‌ರೇಗಳನ್ನು ಎಸೆಯಬಾರದು: ರುಮಟಾಯ್ಡ್ ಇದ್ದವರಲ್ಲಿ ಹೋದ ವರ್ಷದ ಚಿತ್ರದ ಪಕ್ಕ ಈ ವರ್ಷದ್ದನ್ನು ಇಟ್ಟಾಗಲೇ ಔಷಧ ಹತ್ತುತ್ತಿದೆಯೋ ಇಲ್ಲವೋ ತಿಳಿಯುತ್ತದೆ. ಪ್ಲೇಟು ಹಾಕಿಸಿಕೊಂಡವರು ಶಸ್ತ್ರಚಿಕಿತ್ಸೆಯ ಡಿಸ್ಚಾರ್ಜ್ ಕಾರ್ಡನ್ನು ಅದೇ ಚೀಲದಲ್ಲಿ ಇಟ್ಟರೆ, ಮುಂದೆಂದಾದರೂ ಎಂಆರ್‌ಐ ಬೇಕಾದಾಗ ಒಳಗಿರುವ ಲೋಹ ಯಾವುದೆಂದು ಹುಡುಕಾಡಬೇಕಾಗುವುದಿಲ್ಲ.